ದಶಕಗಳ ಕಾಲ ನಿಂತ ಜಾವಾ–ಯೆಜ್ಡಿ: ಕಿಕ್ ಹೊಡೆಯುವ ಮೊದಲು ಮಾಡಬೇಕಾದ ಕೆಲಸಗಳು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು ಚೆಕೊಸ್ಲೊವಾಕಿಯಾದ ಕಂಪನಿಯ ಪರವಾನಗಿಯೊಂದಿಗೆ 1961ರಲ್ಲಿ ಜಾವಾ ಮೋಟಾರ್‌ಸೈಕಲ್‌ಗಳ ತಯಾರಿಕೆಯನ್ನು ಆರಂಭಿಸಿ, 1973ರಿಂದ ಅವುಗಳನ್ನು ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿ, 1996ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಅಲ್ಲಿಂದ ಹೊರಬಂದ 250 ಸಿಸಿ ಟೂ ಸ್ಟ್ರೋಕ್ ಗಾಡಿಗಳು ಇಂದಿಗೂ ಹಳೆಯ ಮೈಸೂರು ಸೀಮೆಯ ಹಿತ್ತಿಲ ಷೆಡ್ಡುಗಳಲ್ಲಿ, ಮಲೆನಾಡಿನ ಕೊಟ್ಟಿಗೆಗಳಲ್ಲಿ, ಮುಚ್ಚಿದ ಅಂಗಡಿಗಳ ಹಿಂಭಾಗದಲ್ಲಿ ಗೋಣಿಚೀಲ ಹೊದ್ದು ನಿಂತಿವೆ. ಅಂಥದೊಂದು ಗಾಡಿಯನ್ನು ಮತ್ತೆ ರಸ್ತೆಗೆ ತರಬೇಕೆನ್ನುವವರಿಗಾಗಿ ಈ ಬರಹ. ಉದಾಹರಣೆಗೆ ಜಾವಾ ಮತ್ತು ಯೆಜ್ಡಿಗಳನ್ನೇ ಇಟ್ಟುಕೊಂಡಿದ್ದರೂ ಎಂಜಿನ್‌ಗೆ ಸಂಬಂಧಿಸಿದ ಹೆಚ್ಚಿನ ಮಾತುಗಳು ರಾಜದೂತ್ ಮತ್ತು ಯಮಹಾ ಆರ್‌ಎಕ್ಸ್ 100ರಂಥ ಇತರ ಟೂ ಸ್ಟ್ರೋಕ್ ಗಾಡಿಗಳಿಗೂ ಅನ್ವಯಿಸುತ್ತವೆ.

ಬಹಳ ವರ್ಷ ನಿಂತ ಗಾಡಿ ಕೈಗೆ ಬಂದೊಡನೆ ಎಲ್ಲರಿಗೂ ಆಗುವ ಆಸೆ ಒಂದೇ: ಟ್ಯಾಂಕಿಗೆ ಒಂದು ಲೀಟರ್ ಪೆಟ್ರೋಲ್ ಸುರಿದು, ಹೊಸ ಪ್ಲಗ್ ಹಾಕಿ, ನಾಲ್ಕು ಕಿಕ್ ಹೊಡೆದು ನೋಡುವುದು. ಜೀವ ಬಂದರೆ ಎಂಜಿನ್ ಚೆನ್ನಾಗಿದೆ ಎಂದು ತೀರ್ಮಾನಿಸಿ, ಮರುದಿನವೇ ಬಣ್ಣದವನ ಬಳಿಗೆ ಹೋಗುವವರು ಬಹಳ. ಟೂ ಸ್ಟ್ರೋಕ್ ಎಂಜಿನ್‌ನ ವಿಷಯದಲ್ಲಿ ಈ ಕ್ರಮ ಪೂರ್ತಿ ತಲೆಕೆಳಗು. ಸ್ಟಾರ್ಟ್ ಆಗುವುದು ಇಂಥ ಎಂಜಿನ್‌ಗೆ ದೊಡ್ಡ ವಿಷಯವೇನಲ್ಲ. ಒಳಗಿನ ಸೀಲುಗಳು ಒಣಗಿ ಬಿರಿದಿದ್ದರೂ, ಬೇರಿಂಗ್‌ಗಳಿಗೆ ತುಕ್ಕು ಹಿಡಿದಿದ್ದರೂ ಅದು ಹತ್ತು ನಿಮಿಷ ಓಡೀತು. ಹದಿನೈದನೆಯ ಕಿಲೋಮೀಟರಿನಲ್ಲಿ ಪಿಸ್ಟನ್ ಸೀಜ್ ಆಗಿ, ಅಂದರೆ ಸಿಲಿಂಡರ್‌ನಲ್ಲಿ ಕಚ್ಚಿಕೊಂಡು, ಹಿಂದಿನ ಚಕ್ರ ಬಿಗಿದಾಗಲೇ ನಿಜಸ್ಥಿತಿ ತಿಳಿಯುವುದು.

ಕ್ರ್ಯಾಂಕ್‌ಕೇಸ್ ಏಕೆ ಮುಖ್ಯ

ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಕೇಸ್ ಎಂಬುದು ಪಿಸ್ಟನ್‌ನ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕ್ ಇರುವ, ಆಯಿಲ್ ತುಂಬಿದ ಒಂದು ಪೆಟ್ಟಿಗೆ. ಟೂ ಸ್ಟ್ರೋಕ್‌ನಲ್ಲಿ ಅದೇ ಒಂದು ಪಂಪ್. ಪಿಸ್ಟನ್ ಮೇಲಕ್ಕೆ ಹೋಗುವಾಗ ಕೆಳಗಿನ ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ತಗ್ಗಿ, ಕಾರ್ಬುರೇಟರ್‌ನಿಂದ ಪೆಟ್ರೋಲ್, ಆಯಿಲ್ ಮತ್ತು ಗಾಳಿಯ ಮಿಶ್ರಣ ಒಳಗೆ ಬರುತ್ತದೆ. ಪಿಸ್ಟನ್ ಕೆಳಗೆ ಇಳಿಯುವಾಗ ಆ ಮಿಶ್ರಣವು ಒತ್ತಡಕ್ಕೆ ಸಿಕ್ಕಿ ಟ್ರಾನ್ಸ್‌ಫರ್ ಪೋರ್ಟ್‌ಗಳೆಂಬ ಕಿಂಡಿಗಳ ಮೂಲಕ ಸಿಲಿಂಡರ್‌ಗೆ ಏರುತ್ತದೆ. ಬೇರಿಂಗ್‌ಗಳಿಗೆ ಸಿಗುವ ಆಯಿಲ್ ಕೂಡ ಈ ಮಿಶ್ರಣದಲ್ಲಿ ಬಂದದ್ದಷ್ಟೇ. ಆದ್ದರಿಂದ ಕ್ರ್ಯಾಂಕ್‌ಕೇಸ್‌ನಲ್ಲಿ ಎಲ್ಲಾದರೂ ಗಾಳಿ ಸೋರಿದರೆ ಮಿಶ್ರಣದಲ್ಲಿ ಪೆಟ್ರೋಲ್‌ನ ಪಾಲು ಕಡಿಮೆಯಾಗುತ್ತದೆ, ಅದರೊಂದಿಗೆ ಆಯಿಲ್‌ನ ಪಾಲೂ ಕಡಿಮೆಯಾಗುತ್ತದೆ, ಎಂಜಿನ್‌ನ ಶಾಖ ಮಾತ್ರ ಏರುತ್ತದೆ. ಸೀಜ್ ಆಗುವುದಕ್ಕೆ ಬೇಕಾದ ಮೂರೂ ಕಾರಣಗಳು ಒಂದೇ ಸೋರಿಕೆಯಿಂದ ಒದಗಿದಂತಾಯಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಪಿಸ್ಟನ್ ಎಲ್ಲಿ ನಿಂತರೂ ಬಹುಮಟ್ಟಿಗೆ ಒಂದಲ್ಲ ಒಂದು ಪೋರ್ಟ್ ತೆರೆದೇ ಇರುತ್ತದೆ. ಕೆಳಗೆ ನಿಂತಿದ್ದರೆ ಸೈಲೆನ್ಸರ್‌ನ ದಾರಿಯಾಗಿ ಹೊರಗಿನ ತೇವದ ಗಾಳಿ ಸಿಲಿಂಡರ್‌ಗೂ ಕ್ರ್ಯಾಂಕ್‌ಕೇಸ್‌ಗೂ ಹೋಗುತ್ತದೆ. ಮೇಲೆ ನಿಂತಿದ್ದರೆ ಕಾರ್ಬುರೇಟರ್‌ನ ದಾರಿಯಾಗಿ ಕ್ರ್ಯಾಂಕ್‌ಕೇಸ್‌ಗೆ ಹೋಗುತ್ತದೆ. ಜಾವಾಗಳಿಗೆ ಎರಡು ಸೈಲೆನ್ಸರ್‌ಗಳಿರುವುದರಿಂದ ದಾರಿಯೂ ಎರಡು. ಮಂಗಳೂರು, ಕಾರವಾರಗಳ ಉಪ್ಪುಗಾಳಿಯಲ್ಲಿಯೋ ತೀರ್ಥಹಳ್ಳಿಯ ಮಳೆಗಾಲದಲ್ಲಿಯೋ ಇಪ್ಪತ್ತು ವರ್ಷ ನಿಂತ ಎಂಜಿನ್‌ನೊಳಗೆ ಏನಾಗಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಚಿತ್ರದುರ್ಗದ ಒಣ ಹವೆಯಲ್ಲಿ ನಿಂತದ್ದರ ಸ್ಥಿತಿ ತುಸು ಮೇಲು. ಗಾಡಿಯನ್ನು ಕೊಳ್ಳುವ ಮೊದಲು ಅದು ಯಾವ ಊರಿನಲ್ಲಿ, ಯಾವ ನೆಲದ ಮೇಲೆ ನಿಂತಿತ್ತು ಎಂದು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವುದಕ್ಕಿಂತ ಹೆಚ್ಚು ಉಪಯುಕ್ತ.

ಮೊದಲು ಕಾಗದಪತ್ರ

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ಪುಸ್ತಕವನ್ನು ಹಿಡಿದುಕೊಂಡು ಷಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಹೋಲಿಸಿ ನೋಡಬೇಕು. ಸಂಖ್ಯೆ ಕಾಣದಿದ್ದರೆ ಅಲ್ಲಿನ ಜಿಡ್ಡನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕೇ ಹೊರತು ಗ್ರೈಂಡರ್ ಅಥವಾ ಒರಟು ಎಮರಿ ಕಾಗದವನ್ನು ಬಳಸಬಾರದು. ಮಾಸಿದ ಅಂಕಿಗಳು ಆರ್‌ಟಿಒ ಕಚೇರಿಯಲ್ಲಿ ತಂದೊಡ್ಡುವ ತೊಂದರೆ ಯಾವ ಯಾಂತ್ರಿಕ ತೊಂದರೆಗಿಂತಲೂ ದೊಡ್ಡದು. ಮುಂದೆ ಫ್ರೇಮಿಗೆ ಬಣ್ಣ ಹೊಡೆಸುವಾಗಲೂ ಆ ಭಾಗಕ್ಕೆ ಮರಳು ಹೊಡೆಸದಂತೆ, ದಪ್ಪ ಬಣ್ಣ ಬಳಿಯದಂತೆ ಬಣ್ಣದವನಿಗೆ ಮೊದಲೇ ಹೇಳಿರಬೇಕು.

ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ; ಅನಂತರ ಫಾರಂ 25ರಲ್ಲಿ ಅರ್ಜಿ ಸಲ್ಲಿಸಿ, ಗಾಡಿಯನ್ನು ತಪಾಸಣೆಗೆ ಒಯ್ದು, ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. 1989ಕ್ಕಿಂತ ಹಿಂದಿನ ನೋಂದಣಿಯಾದರೆ ಸಂಖ್ಯೆ ಕೆಎ ಎಂದು ಆರಂಭವಾಗುವುದಿಲ್ಲ, ಮತ್ತು ಅಂಥ ಗಾಡಿಗಳ ವಿವರ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಇಲ್ಲದೆಯೂ ಇರಬಹುದು. ಆಗ ಮೂಲ ಆರ್‌ಟಿಒ ಕಚೇರಿಯ ಹಳೆಯ ದಾಖಲೆಗಳಿಂದ ಅದನ್ನು ಕಂಪ್ಯೂಟರಿಗೆ ಏರಿಸುವಂತೆ ಕೇಳಿಕೊಳ್ಳಬೇಕಾಗುತ್ತದೆ. 50 ವರ್ಷ ದಾಟಿದ ಗಾಡಿಗಳಿಗಾಗಿ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ಪ್ರತ್ಯೇಕ ನಿಯಮಗಳನ್ನು ತಂದಿತು. ಅದರಂತೆ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವಿದ್ದು, ಅದು 10 ವರ್ಷ ಊರ್ಜಿತವಾಗಿರುತ್ತದೆ; ಈಗಾಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಎಂದು ನೋಂದಣಿಯಾದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಮತ್ತು ಅದರ ಷಾಸಿಯಾಗಲಿ ಎಂಜಿನ್ ಆಗಲಿ ಮೂಲ ರೂಪದಿಂದ ಬದಲಾಗಿರಬಾರದು. ವಾರಕ್ಕೆರಡು ಬಾರಿ ಪೇಟೆಗೆ ಹೋಗಿಬರುವ ಉದ್ದೇಶವಿರುವವರಿಗೆ ಸಾಮಾನ್ಯ ನವೀಕರಣವೇ ಅನುಕೂಲವೆಂದು ನನ್ನ ಅಭಿಪ್ರಾಯ.

ಬಿಗಿದುಕೊಂಡ ಎಂಜಿನ್

ಎಂಜಿನ್ ತಿರುಗುತ್ತದೆಯೇ ಎಂದು ನೋಡುವುದು ಮುಂದಿನ ಕೆಲಸ. ಜಾವಾದಲ್ಲಿ ಗೇರ್ ಹಾಕುವ ಲಿವರೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದಾಗ ಕಿಕ್ ಲಿವರ್ ಆಗುತ್ತದೆ. ನಿಂತ ಗಾಡಿಯಲ್ಲಿ ಇದನ್ನು ಕಾಲಿನಿಂದ ಒತ್ತಬಾರದು. ಪಿಸ್ಟನ್ ಬಿಗಿದಿದ್ದರೆ ಮೈಭಾರವೆಲ್ಲ ಒಳಗಿನ ಹಲ್ಲುಗಳ ಮೇಲೆ ಬಿದ್ದು ಅವು ಮುರಿಯುತ್ತವೆ. ಕೈಯಿಂದ ಮೆಲ್ಲಗೆ ಅದುಮಿ ನೋಡಿ, ಅಲುಗದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಅಲುಗಿದರೂ ಪೂರ್ತಿ ಸುತ್ತು ತಿರುಗಿಸದೆ, ಮೊದಲು ಪ್ಲಗ್ ಬಿಚ್ಚಿ ಅದರ ರಂಧ್ರದೊಳಕ್ಕೆ ಸ್ವಲ್ಪ ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೆಯೇ ಇರಲು ಬಿಡಬೇಕು. ಒಣಗಿದ ರಿಂಗ್‌ಗಳು ತುಕ್ಕಿನ ಮೇಲೆ ಉಜ್ಜಿದರೆ ಉಳಿಸಬಹುದಾಗಿದ್ದ ಬೋರ್‌ಗೂ, ಅಂದರೆ ಸಿಲಿಂಡರ್‌ನ ಒಳಮೈಗೂ, ಗೀರು ಬೀಳುತ್ತದೆ.

ಬಿಗಿದ ಪಿಸ್ಟನ್‌ಗೆ ತಾಳ್ಮೆಯೇ ಮದ್ದು. ಹೆಡ್ ಬಿಚ್ಚಿ, ಪಿಸ್ಟನ್‌ನ ತಲೆಯ ಸುತ್ತ ಡೀಸೆಲ್ ಮತ್ತು ಪವರ್ ಸ್ಟೀರಿಂಗ್‌ಗೆ ಹಾಕುವ ಎಟಿಎಫ್ ಆಯಿಲನ್ನು ಸಮಪಾಲಿನಲ್ಲಿ ಬೆರೆಸಿ ಸುರಿಯಬೇಕು. ಪೇಟೆಯಲ್ಲಿ ಸಿಗುವ ತುಕ್ಕು ಬಿಡಿಸುವ ಸ್ಪ್ರೇ ಸಹ ಆದೀತು. ದಿನಕ್ಕೊಮ್ಮೆ ಇಂಗಿದಷ್ಟನ್ನು ಮತ್ತೆ ತುಂಬುತ್ತ ವಾರಗಟ್ಟಲೆ ಕಾಯಲು ಸಿದ್ಧವಿರಬೇಕು. ಆಮೇಲೆ ಬೋರ್‌ಗಿಂತ ತುಸು ಸಣ್ಣದಾದ ಮರದ ತುಂಡನ್ನು ಪಿಸ್ಟನ್ ಮೇಲಿಟ್ಟು ಹಗುರವಾಗಿ ತಟ್ಟಿದರೆ ಅದು ಕೂದಲೆಳೆಯಷ್ಟು ಕದಲುತ್ತದೆ, ಅಲ್ಲಿಂದ ಮುಂದೆ ದಾರಿ ಸುಲಭ. ಕಬ್ಬಿಣದ ರಾಡ್ ಇಟ್ಟು ಸುತ್ತಿಗೆಯಿಂದ ಬಡಿದರೆ ಪಿಸ್ಟನ್ ತೂತಾಗುವುದಷ್ಟೇ ಅಲ್ಲ, ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಸೇರಿಸುವ ಕನೆಕ್ಟಿಂಗ್ ರಾಡ್ ಬಾಗುವ ಸಂಭವವೂ ಇದೆ. ಗಾಡಿಯನ್ನು ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ತಿರುಗಿಸಿ ಬಿಡಿಸುವ ಪದ್ಧತಿಯೂ ಇದೆ, ಆದರೆ ಗೇರ್‌ಬಾಕ್ಸ್‌ನ ಸ್ಥಿತಿ ತಿಳಿಯುವ ಮೊದಲು ಅದನ್ನು ನಾನು ಒಪ್ಪುವುದಿಲ್ಲ.

ಎಂಜಿನ್ ಸುಲಭವಾಗಿ ತಿರುಗಿದರೂ ಅದನ್ನು ಬಿಚ್ಚಲೇಬೇಕೇ? ದಶಕ ದಾಟಿ ನಿಂತಿದ್ದರೆ ಬಿಚ್ಚಲೇಬೇಕು. ಕ್ರ್ಯಾಂಕ್‌ನ ಎರಡು ಬದಿಗಳಲ್ಲಿ ಗಾಳಿ ಸೋರದಂತೆ ತಡೆಯುವ ಸೀಲುಗಳು ರಬ್ಬರಿನವು. ಅವುಗಳ ಬಾಯಿ ಶಾಫ್ಟ್‌ನ ಮೇಲೆ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕೂತು ಗಟ್ಟಿಯಾಗಿರುತ್ತದೆ, ತಿರುಗಿದೊಡನೆ ಹರಿಯುತ್ತದೆ. ಹೊಸ ಸೀಲುಗಳ ಬೆಲೆ ಇಡೀ ಕೆಲಸದ ಖರ್ಚಿನಲ್ಲಿ ಲೆಕ್ಕಕ್ಕೇ ಬಾರದಷ್ಟು ಕಡಿಮೆ, ಆದರೆ ಅವುಗಳನ್ನು ಹಾಕಲು ಎಂಜಿನ್ ಇಳಿಸಬೇಕೆಂಬ ಬೇಸರಕ್ಕೆ ಎಷ್ಟೋ ಜನ ಅದನ್ನೇ ಬಿಟ್ಟು ಉಳಿದೆಲ್ಲವನ್ನೂ ಮಾಡಿಸುತ್ತಾರೆ.

ಬಿಚ್ಚುವ ಕೆಲಸ

ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬೇಕು. ನಟ್ಟು, ಬೋಲ್ಟು, ವಾಷರ್‌ಗಳನ್ನು ಬೇರೆಬೇರೆ ಡಬ್ಬಿಗಳಲ್ಲಿಟ್ಟು ಹೆಸರು ಬರೆದಿಡಬೇಕು. ಜಾವಾದ ಕ್ರ್ಯಾಂಕ್‌ಕೇಸ್ ಎಡ ಮತ್ತು ಬಲ ಎಂದು ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಎಡಗಡೆ ಕ್ಲಚ್ ಮತ್ತು ಪ್ರೈಮರಿ ಚೈನ್, ಬಲಗಡೆ ಡೈನಮೊ. ಎರಡು ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂನ ಮುಖದಲ್ಲಿ ಗಾಯವಾಗಿ, ಮುಂದೆ ಯಾವ ಪ್ಯಾಕಿಂಗ್ ಹಾಕಿದರೂ ಗಾಳಿ ಸೋರುವುದು ನಿಲ್ಲುವುದಿಲ್ಲ. ಎಲ್ಲ ಸ್ಕ್ರೂಗಳನ್ನು ತೆಗೆದ ಮೇಲೂ ಬಿಡದಿದ್ದರೆ ಒಂದು ಸ್ಕ್ರೂ ಉಳಿದಿದೆ ಎಂದೇ ತಿಳಿಯಬೇಕು. ಬೇರಿಂಗ್‌ಗಳನ್ನು ಬಡಿದು ತೆಗೆಯುವುದಕ್ಕಿಂತ ಕೇಸನ್ನು ಸುಮಾರು 100 ಡಿಗ್ರಿವರೆಗೆ ಕಾಯಿಸಿದರೆ ಅಲ್ಯೂಮಿನಿಯಂ ಹಿಗ್ಗಿ ಅವು ತಾವಾಗಿಯೇ ಕಳಚಿಕೊಳ್ಳುತ್ತವೆ. ಹೊಸದನ್ನು ಕೂರಿಸುವಾಗಲೂ ಇದೇ ಉಪಾಯ.

ಕ್ರ್ಯಾಂಕ್ ಕೈಗೆ ಬಂದ ಮೇಲೆ ಕನೆಕ್ಟಿಂಗ್ ರಾಡನ್ನು ಹಿಡಿದು ನೇರವಾಗಿ ಮೇಲಕ್ಕೂ ಕೆಳಕ್ಕೂ ಎಳೆದು ನೋಡಬೇಕು. ಅಕ್ಕಪಕ್ಕಕ್ಕೆ ಸ್ವಲ್ಪ ಆಟವಿರುವುದು ಸಹಜ, ಆದರೆ ಮೇಲೆ ಕೆಳಗೆ ಕೈಗೆ ತಿಳಿಯುವಷ್ಟು ಆಟ ಇದ್ದರೆ ಅಥವಾ ತಿರುಗಿಸುವಾಗ ಮರಳು ಸಿಕ್ಕಿದಂತೆ ಕರಕರ ಎಂದರೆ ರಾಡ್‌ನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಹೋಗಿದೆ. ನಿಂತ ಎಂಜಿನ್‌ನಲ್ಲಿ ನೀರಿನ ಪಸೆ ಇಳಿದು ನಿಲ್ಲುವ ಜಾಗವೇ ಕ್ರ್ಯಾಂಕ್‌ಕೇಸ್‌ನ ತಳ, ಆದ್ದರಿಂದ ಈ ಬೇರಿಂಗ್ ಉಳಿದಿರುವುದು ಅಪರೂಪ. ಇದರ ಕ್ರ್ಯಾಂಕ್ ಬೋಲ್ಟ್ ಹಾಕಿ ಜೋಡಿಸಿದ್ದಲ್ಲ, ಪ್ರೆಸ್‌ನಲ್ಲಿ ಒತ್ತಿ ಕೂರಿಸಿದ್ದು. ಹೊಸ ರಾಡ್ ಕಿಟ್ ಹಾಕಿಸಿದ ಮೇಲೆ ಸೂಕ್ಷ್ಮ ಅಳತೆಯ ಮಾಪಕವಾದ ಡಯಲ್ ಗೇಜ್ ಇಟ್ಟು ಕ್ರ್ಯಾಂಕ್‌ನ ಎರಡು ತುದಿಗಳ ಓಲಾಟವನ್ನು ಅಳೆದು, ಅದು 0.03 ಮಿ.ಮೀ. ಒಳಗೆ ಬರುವ ತನಕ ಸರಿಪಡಿಸಬೇಕು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಟೂ ಸ್ಟ್ರೋಕ್ ಕ್ರ್ಯಾಂಕ್‌ಗಳನ್ನು ಕೂರಿಸಿ ಪಳಗಿದ ಲೇತ್‌ನವರನ್ನು ಹುಡುಕಬೇಕು, ಮತ್ತು ಡಯಲ್ ಗೇಜ್ ಇಲ್ಲದೆ ಕಣ್ಣಳತೆಯಲ್ಲಿ ಮಾಡಿಕೊಡುತ್ತೇನೆ ಎನ್ನುವವರ ಅಂಗಡಿಯಿಂದ ಹೊರಗೆ ಬರಬೇಕು. ಕ್ರ್ಯಾಂಕ್ ಅನ್ನು ಹೊರುವ ಮೈನ್ ಬೇರಿಂಗ್‌ಗಳನ್ನು ಕೊಳ್ಳುವಾಗ ಸಿ3 ಎಂಬ ಗುರುತು ಇರುವಂಥವನ್ನೇ ಕೇಳಬೇಕು. ಬಿಸಿಯಾದಾಗ ಹಿಗ್ಗಲು ಅವುಗಳೊಳಗೆ ಹೆಚ್ಚು ಜಾಗವಿರುತ್ತದೆ.

ಬೋರ್‌ನಲ್ಲಿ ರಿಂಗ್‌ಗಳು ಕೂತಿದ್ದ ಜಾಗದಲ್ಲಿ ತುಕ್ಕಿನ ಬಳೆ ಸಾಮಾನ್ಯವಾಗಿ ಕಾಣುತ್ತದೆ. ಉಗುರಿಗೆ ತಗುಲದಷ್ಟು ಮೇಲುಮೇಲಿನದಾದರೆ ಹೋನ್ ಮಾಡಿಸಿ, ಅಂದರೆ ಒಳಮೈಯನ್ನು ತುಸು ಉಜ್ಜಿಸಿ, ಹೊಸ ರಿಂಗ್ ಹಾಕಬಹುದು; ಉಗುರಿಗೆ ತಗುಲಿದರೆ ಬೋರ್ ಮಾಡಿಸಿ, ಅಂದರೆ ಕೊರೆಸಿ ಅಗಲಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಲೇಬೇಕು. ಪಿಸ್ಟನ್ ಮೊದಲು ಕೊಂಡು, ಅದನ್ನು ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಿಸುವುದು ಸರಿಯಾದ ಕ್ರಮ. ಬೋರ್ ಆದ ಮೇಲೆ ಪೋರ್ಟ್‌ಗಳ ಅಂಚುಗಳು ಕತ್ತಿಯಂತೆ ಹರಿತವಾಗಿರುತ್ತವೆ, ಅವುಗಳನ್ನು ಸಣ್ಣ ಅರದಿಂದಲೋ ಎಮರಿಯಿಂದಲೋ ತುಸು ಗುಂಡಗೆ ಮಾಡದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ನಾಲ್ಕು ಚಕ್ರದ ವಾಹನಗಳ ಕೆಲಸಕ್ಕೇ ಒಗ್ಗಿಹೋದ ಬೋರಿಂಗ್ ಅಂಗಡಿಗಳಲ್ಲಿ ಇದನ್ನು ಮರೆಯುವುದು ಹೆಚ್ಚು, ಆದ್ದರಿಂದ ನಾವೇ ಬೆರಳಾಡಿಸಿ ನೋಡಿಕೊಳ್ಳಬೇಕು. ರಿಂಗನ್ನು ಬರಿಯ ಬೋರ್‌ನೊಳಗೆ ಇಟ್ಟು ಅದರ ಬಾಯಿಯ ಅಂತರವನ್ನು ತೆಳು ತಗಡುಗಳ ಫೀಲರ್ ಗೇಜ್‌ನಿಂದ ಅಳೆದರೆ ಈ ಗಾತ್ರದ ಸಿಲಿಂಡರ್‌ಗೆ ಸುಮಾರು 0.25 ಮಿ.ಮೀ. ಇರಬೇಕು. ಪಿಸ್ಟನ್‌ನ ತೋಡಿನಲ್ಲಿ ಒಂದು ಪುಟ್ಟ ಪಿನ್ ಇರುತ್ತದೆ, ರಿಂಗ್‌ನ ಬಾಯಿ ಅಲ್ಲಿಯೇ ಕೂರಬೇಕು. ಪಿಸ್ಟನ್ ತಲೆಯ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೆ ಇರಬೇಕು.

ಸೋರಿಕೆಯ ಪರೀಕ್ಷೆ

ಎಂಜಿನ್ ಜೋಡಿಸಿದ ಮೇಲೆ ಅದನ್ನು ಫ್ರೇಮಿಗೆ ಏರಿಸುವ ಮೊದಲು ಮಾಡಬೇಕಾದ ಒಂದು ಪರೀಕ್ಷೆಯನ್ನು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಮಾಡುವವರು ವಿರಳ. ಇಡೀ ದುರಸ್ತಿಯಲ್ಲಿ ಒಂದೇ ಒಂದು ಕೆಲಸವನ್ನು ತಪ್ಪಿಸಬಾರದೆಂದು ಹೇಳಬೇಕಾದರೆ ನಾನು ಇದನ್ನೇ ಹೇಳುತ್ತೇನೆ. ಎರಡೂ ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಬಿರಡೆಗಳಿಂದ ಬಿಗಿಯಾಗಿ ಮುಚ್ಚಿ, ಕಾರ್ಬುರೇಟರ್ ಕೂರುವ ಬಾಯಿಗೆ ಒಂದು ನಳಿಕೆ ಇರುವ ಬಿರಡೆ ಹಾಕಿ, ಅದಕ್ಕೆ ರಕ್ತದೊತ್ತಡ ಅಳೆಯುವ ಹಳೆಯ ಉಪಕರಣದ ಕೈಪಂಪು ಮತ್ತು ಮಾಪಕವನ್ನು ಜೋಡಿಸಬೇಕು. ಪ್ಲಗ್ ಅದರ ಜಾಗದಲ್ಲಿರಲಿ. ಒತ್ತಡವನ್ನು 6 ಪಿಎಸ್‌ಐವರೆಗೆ, ಅಂದರೆ ಆ ಮಾಪಕದಲ್ಲಿ ಸುಮಾರು 300ರ ಗೆರೆಯ ತನಕ ಏರಿಸಿ ಐದು ನಿಮಿಷ ಬಿಡಬೇಕು. ಇದಕ್ಕಿಂತ ಹೆಚ್ಚು ಏರಿಸಿದರೆ ಹೊಸ ಸೀಲುಗಳೇ ಜಾಗ ಬಿಟ್ಟಾವು. ಮುಳ್ಳು ಇಳಿಯುತ್ತಿದ್ದರೆ ಸೋಪಿನ ನೀರನ್ನು ಬಲಗಡೆಯ ಸೀಲು, ಸಿಲಿಂಡರ್‌ನ ಬುಡ, ಹೆಡ್‌ನ ಸಂದು, ಕೇಸ್‌ನ ನಡುಗೆರೆ ಇಲ್ಲೆಲ್ಲ ಹಚ್ಚಿ ಗುಳ್ಳೆ ಏಳುವ ಜಾಗವನ್ನು ಕಂಡುಹಿಡಿಯಬೇಕು. ಎಡಗಡೆಯ ಸೀಲಿನಿಂದ ಸೋರಿದ ಗಾಳಿ ಗೇರ್‌ಬಾಕ್ಸ್‌ಗೆ ಹೋಗುವುದರಿಂದ ಆಯಿಲ್ ತುಂಬುವ ರಂಧ್ರದ ಬಾಯಿಗೆ ಸೋಪಿನ ನೀರು ಹಚ್ಚಿದರೆ ಅಲ್ಲಿ ಗುಳ್ಳೆ ಕಾಣುತ್ತದೆ.

ಎರಡು ಸೀಲುಗಳು ಕೆಟ್ಟಾಗ ಕಾಣುವ ಲಕ್ಷಣಗಳು ಬೇರೆಬೇರೆ. ಡೈನಮೊ ಕಡೆಯದು ಸೋರಿದರೆ ಒಣಗಾಳಿ ಒಳಗೆ ಬಂದು, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್‌ನ ವೇಗ ಇಳಿಯದೆ ಮೇಲೆಯೇ ಉಳಿಯುತ್ತದೆ. ಕ್ಲಚ್ ಕಡೆಯದು ಸೋರಿದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಉರಿಯುತ್ತದೆ. ಎಂಜಿನ್ ಕಾದ ಮೇಲೂ ದಟ್ಟವಾದ ಬಿಳಿಹೊಗೆ ನಿಲ್ಲುವುದಿಲ್ಲ, ಇತ್ತ ಗೇರ್ ಆಯಿಲ್ ಮಟ್ಟ ಇಳಿಯುತ್ತಿರುತ್ತದೆ. ಹಳೆಯ ಜಾವಾ ಎಂದರೆ ಹೊಗೆ ಇದ್ದದ್ದೇ ಎಂದು ಸಮಾಧಾನ ಹೇಳುವವರ ಮಾತನ್ನು ಇಲ್ಲಿ ಕೇಳಬಾರದು.

ಟ್ಯಾಂಕ್, ಕಾರ್ಬುರೇಟರ್ ಮತ್ತು ಇಂದಿನ ಪೆಟ್ರೋಲ್

ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲ್ ವಾರ್ನಿಷ್‌ನಂತೆ ನಾರುತ್ತದೆ. ಅದನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಹೊರತೆಗೆಯಬೇಕು. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವುದು ತುಂಬಿದ ಟ್ಯಾಂಕಿಗಿಂತಲೂ ಅಪಾಯಕರ, ಏಕೆಂದರೆ ಸಿಡಿಯುವುದು ಆವಿ. ಒಳಗಿನ ತುಕ್ಕಿಗೆ ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆ್ಯಸಿಡ್ ಸಾಕು. ಲೀಟರ್ ಬಿಸಿನೀರಿಗೆ 100 ಗ್ರಾಂನಂತೆ ಕರಗಿಸಿ, ಪೆಟ್ರೋಲ್ ಕಾಕ್ ತೆಗೆದು ಆ ರಂಧ್ರವನ್ನು ಮುಚ್ಚಿ, ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಿ ಒಂದು ದಿನ ಬಿಡಬೇಕು. ಹೊರಗಿನ ಕ್ರೋಮ್‌ಗೂ ಬಣ್ಣಕ್ಕೂ ಈ ನೀರು ತಾಗದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿರಬೇಕು. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಬಿಸಿಗಾಳಿ ಹಾಯಿಸಿ ತಕ್ಷಣ ಒಣಗಿಸಿ, ಟೂ ಸ್ಟ್ರೋಕ್ ಎಂಜಿನ್‌ಗೆ ಹಾಕುವ 2ಟಿ ಆಯಿಲ್ ಬೆರೆಸಿದ ಪೆಟ್ರೋಲನ್ನು ಒಳಗೆ ತೊನೆದಾಡಿಸಬೇಕು. ಒಣಗಿಸಲು ಒಂದು ಗಂಟೆ ತಡವಾದರೂ ತೆಳುವಾದ ಹೊಸ ತುಕ್ಕು ಮೂಡಿರುತ್ತದೆ.

ಹಳೆಯ ಜಾವಾಗಳಲ್ಲಿರುವುದು ಚೆಕ್ ಮೂಲದ ಜಿಕೋವ್ ಕಾರ್ಬುರೇಟರ್. ಅದರೊಳಗೆ ಪೆಟ್ರೋಲ್ ಬಿಡುವ ಜೆಟ್‌ಗಳ ರಂಧ್ರವನ್ನು ತಂತಿಯಿಂದ ಚುಚ್ಚಿದರೆ ಅದು ದೊಡ್ಡದಾಗಿಬಿಡುತ್ತದೆ. ಕಾರ್ಬುರೇಟರ್ ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹಾಯಿಸುವುದೇ ಸರಿ. ಸ್ಲೈಡ್ ಸವೆದು ಅದರ ಮನೆಯಲ್ಲಿ ಕಟಕಟ ಅಲುಗುತ್ತಿದ್ದರೆ ಐಡ್ಲಿಂಗ್ ಎಂದಿಗೂ ಸ್ಥಿರವಾಗಿ ನಿಲ್ಲುವುದಿಲ್ಲ. ಅಂಥ ಸಂದರ್ಭದಲ್ಲಿ ಬೇರೆ ಗಾಡಿಯ ಮಿಕ್‌ಕಾರ್ಬ್ ಕಾರ್ಬುರೇಟರ್ ಹಾಕಿಸುವವರಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಮೂಲದ್ದನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಕಟ್ಟಿಡಬೇಕು.

ಬಂಕ್‌ಗಳಲ್ಲಿ ಈಗ ಸಿಗುವ ಪೆಟ್ರೋಲ್‌ನಲ್ಲಿ 20% ವರೆಗೆ ಎಥೆನಾಲ್ ಇರುವುದು ಈ ಗಾಡಿಗಳು ತಯಾರಾದ ಕಾಲದಲ್ಲಿ ಯಾರೂ ನಿರೀಕ್ಷಿಸದ ಸಂಗತಿ. ಅದು ಹಳೆಯ ರಬ್ಬರ್ ಪೈಪುಗಳನ್ನೂ ಕಾಕ್‌ನ ವಾಷರ್‌ಗಳನ್ನೂ ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳದಲ್ಲಿ ನೀರು ನಿಲ್ಲಿಸುತ್ತದೆ, ಮತ್ತು ಅದರಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್‌ನಲ್ಲಿ ಮಿಶ್ರಣ ತುಸು ತೆಳುವಾಗುತ್ತದೆ. ಆದ್ದರಿಂದ ಎಥೆನಾಲ್ ತಾಳುವ ಹೊಸ ಪೈಪು, ಹೊಸ ವಾಷರ್‌ಗಳನ್ನು ಹಾಕಿ, ಪ್ಲಗ್‌ನ ಬಣ್ಣ ನೋಡಿಕೊಂಡು ಅಗತ್ಯವಿದ್ದರೆ ಮೈನ್ ಜೆಟ್ ಅನ್ನು ಒಂದು ಅಳತೆ ದೊಡ್ಡದು ಮಾಡಬೇಕು.

ಕಿಡಿ, ಕ್ಲಚ್ ಮತ್ತು ಉಳಿದವು

ಹಳೆಯ ಜಾವಾ ಮತ್ತು ಯೆಜ್ಡಿ ಕ್ಲಾಸಿಕ್‌ಗಳಲ್ಲಿರುವುದು 6 ವೋಲ್ಟ್‌ನ ಡೈನಮೊ ಮತ್ತು ಬ್ಯಾಟರಿ ಆಧಾರಿತ ಇಗ್ನಿಷನ್. ಬ್ಯಾಟರಿ ಸತ್ತಿದ್ದರೆ ಕಿಡಿ ಹಾರುವುದಿಲ್ಲ. ತೆರೆದು ಮುಚ್ಚುತ್ತ ಕಿಡಿ ಹಾರಿಸುವ ಪಾಯಿಂಟ್ಸ್‌ಗಳ ಮೇಲೆ ಕೂತ ಪಾಚಿಯಂಥ ಪದರವನ್ನು ಸಣ್ಣ ಎಮರಿಯಿಂದ ತೆಗೆದು, ಕಾಗದದ ತುಂಡನ್ನು ನಡುವೆ ಎಳೆದು ಶುಚಿಮಾಡಿ, ಪೂರ್ತಿ ತೆರೆದಾಗ ಅಂತರ 0.4 ಮಿ.ಮೀ. ಇರುವಂತೆ ಹೊಂದಿಸಬೇಕು. ಕಂಡೆನ್ಸರ್ ಅನ್ನು ಪರೀಕ್ಷಿಸುತ್ತ ಕೂರುವ ಬದಲು ಹೊಸದನ್ನು ಹಾಕುವುದು ಜಾಣತನ. ಟೈಮಿಂಗ್ ಅನ್ನು ಆಯಾ ಮಾದರಿಯ ಕೈಪಿಡಿಯಲ್ಲಿ ಪಿಸ್ಟನ್ ತುತ್ತತುದಿಗೆ ತಲುಪುವ ಮೊದಲಿನ ಇಷ್ಟು ಮಿ.ಮೀ. ಎಂದು ಕೊಟ್ಟಿರುತ್ತಾರೆ, ಪ್ಲಗ್ ರಂಧ್ರದಲ್ಲಿ ಡಯಲ್ ಗೇಜ್ ಇಟ್ಟು, ಪಾಯಿಂಟ್ಸ್‌ಗೆ ಅಡ್ಡಲಾಗಿ ಒಂದು 6 ವೋಲ್ಟ್ ಬಲ್ಬ್ ಜೋಡಿಸಿದರೆ ಅವು ತೆರೆದ ಕ್ಷಣದಲ್ಲಿ ಬಲ್ಬ್ ಹೊತ್ತಿಕೊಳ್ಳುತ್ತದೆ. ಇಲಿ ಕಡಿದ ವೈರಿಂಗ್‌ಗೆ ಟೇಪ್ ಸುತ್ತಿ ಸಾಗಿಸುವುದು ಬೇಡ, ಪೂರ್ತಿ ಹಾರ್ನೆಸ್ ಬದಲಿಸಬೇಕು. ಅರ್ಧಕ್ಕಿಂತ ಹೆಚ್ಚು ವಿದ್ಯುತ್ ತೊಂದರೆಗಳಿಗೆ ಕಾರಣ ಬಣ್ಣದ ಮೇಲೆ ಬಿಗಿದ ಅರ್ತ್ ಸಂಪರ್ಕ.

ಜಾವಾದ ಕ್ಲಚ್‌ಗೆ ಒಂದು ವಿಶೇಷವಿದೆ. ಗೇರ್ ಲಿವರ್ ಅದುಮಿದಾಗ ಕ್ಲಚ್ ತಾನಾಗಿ ಬಿಡಿಸಿಕೊಳ್ಳುವ ವ್ಯವಸ್ಥೆ ಇರುವುದರಿಂದ, ಚಲಿಸುತ್ತಿರುವಾಗ ಕೈಯ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ವರ್ಷಗಟ್ಟಲೆ ನಿಂತಾಗ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹೇಗೂ ಕವರ್ ತೆರೆದಿರುವಾಗ ಅವುಗಳನ್ನು ಬಿಡಿಸಿ, ಹೊಸ ಪ್ಲೇಟುಗಳನ್ನು ಒಂದು ರಾತ್ರಿ ಗೇರ್ ಆಯಿಲ್‌ನಲ್ಲಿ ನೆನೆಹಾಕಿ ಕೂರಿಸಬೇಕು. ಕೈಯ ಕ್ಲಚ್ ಮತ್ತು ಕಾಲಿನ ವ್ಯವಸ್ಥೆ ಎರಡನ್ನೂ ಒಟ್ಟಿಗೆ ಹೊಂದಿಸದಿದ್ದರೆ ಒಂದು ಸರಿಹೋದಾಗ ಇನ್ನೊಂದು ಕೆಡುತ್ತದೆ.

ಬ್ರೇಕ್ ಡ್ರಮ್ ತೆರೆದಾಗ ಒಳಗಿನ ಧೂಳನ್ನು ಊದಬಾರದು, ಹಳೆಯ ಲೈನರ್‌ಗಳಲ್ಲಿ ಉಸಿರಿನೊಂದಿಗೆ ಒಳಹೋದರೆ ಅಪಾಯಕರವಾದ ಆ್ಯಸ್‌ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಟೈರ್‌ನ ಗೆರೆಗಳು ಎಷ್ಟೇ ಹೊಸದಾಗಿ ಕಂಡರೂ ರಬ್ಬರ್ ಸತ್ತಿರುತ್ತದೆ, ಟೈರು ಟ್ಯೂಬುಗಳನ್ನು ಬದಲಿಸಲೇಬೇಕು. ಯೆಜ್ಡಿಯ ಕ್ಲಾಸಿಕ್ ಮಾದರಿಗೆ 16 ಇಂಚಿನ, ರೋಡ್‌ಕಿಂಗ್ ಮಾದರಿಗೆ 18 ಇಂಚಿನ ಟೈರುಗಳು. ಕೇಬಲ್ಲುಗಳು, ಫೋರ್ಕ್ ಆಯಿಲ್, ಚಕ್ರದ ಬೇರಿಂಗ್‌ಗಳಿಗೂ ಇದೇ ಮಾತು. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯನ್ನೂ ಮೈಸೂರಿನ ಹಳೆಯ ಮೆಕ್ಯಾನಿಕ್‌ಗಳನ್ನೂ ವಿಚಾರಿಸಬೇಕು. 2018ರ ನಂತರ ಜಾವಾ, ಯೆಜ್ಡಿ ಹೆಸರುಗಳಲ್ಲಿ ಬಂದಿರುವ ಹೊಸ ಗಾಡಿಗಳು ಫೋರ್ ಸ್ಟ್ರೋಕ್‌ನವು. ಅವುಗಳ ಷೋರೂಮಿನಲ್ಲಿ ಹಳೆಯದಕ್ಕೆ ಹೊಂದುವ ಎಂಜಿನ್ ಭಾಗ ಸಿಗುವುದಿಲ್ಲ.

ಬಣ್ಣದ ವಿಷಯದಲ್ಲಿ ಒಂದೇ ಮಾತು. ಮೂಲ ಮರೂನ್ ಬಣ್ಣ ಮಾಸಿದ್ದರೂ ಉಳಿದಿದ್ದರೆ, ಕೈಯಿಂದ ಎಳೆದ ಗೆರೆಗಳು ಇನ್ನೂ ಕಾಣುತ್ತಿದ್ದರೆ, ಅದನ್ನು ತೊಳೆದು ಮೇಣ ಹಚ್ಚಿ ಹಾಗೆಯೇ ಬಿಡುವುದು ಲೇಸು. ಇನ್ನೊಮ್ಮೆ ಬಳಿದರೆ ಹೊಳಪು ಬರುತ್ತದೆ, ಆದರೆ ಕಾರ್ಖಾನೆಯಲ್ಲಿ ಬಳಿದ ಬಣ್ಣ ಯಾವ ಹಣಕ್ಕೂ ಮರಳಿ ಬರುವುದಿಲ್ಲ.

ಮೊದಲ ಸ್ಟಾರ್ಟ್ ಮತ್ತು ರನ್ನಿಂಗ್ ಇನ್

ಈಗ ಕಿಕ್ ಹೊಡೆಯಬಹುದು. ಮೊದಲ ಟ್ಯಾಂಕಿಗೆ ಲೀಟರಿಗೆ 50 ಮಿ.ಲೀ.ನಂತೆ 2ಟಿ ಆಯಿಲ್ ಬೆರೆಸಬೇಕು, ರನ್ನಿಂಗ್ ಇನ್, ಅಂದರೆ ಹೊಸ ಭಾಗಗಳು ಹೊಂದಿಕೊಳ್ಳುವ ಮೊದಲ ಓಡಾಟ, ಮುಗಿದ ಮೇಲೆ 40 ಮಿ.ಲೀ. ಸಾಕು. ಆಯಿಲನ್ನು ಟ್ಯಾಂಕಿಗೆ ನೇರವಾಗಿ ಸುರಿಯದೆ ಬೇರೆ ಕ್ಯಾನಿನಲ್ಲಿ ಪೆಟ್ರೋಲ್‌ನೊಂದಿಗೆ ಕಲಕಿ ಹಾಕಬೇಕು. ಸ್ಟಾರ್ಟ್ ಆದ ಮೇಲೆ ಒಂದೆರಡು ನಿಮಿಷ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಓಡಿಸಬೇಕು. ಹೀಗೆ ಕೆಲವು ಬಾರಿ ಕಾದು ಆರಿದ ಮೇಲೆ, ತಣ್ಣಗಿರುವಾಗ ಹೆಡ್‌ನ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿಗೊಳಿಸಬೇಕು. ಸ್ವಲ್ಪ ದೂರ ಓಡಿಸಿ ಪ್ಲಗ್ ಬಿಚ್ಚಿ ನೋಡಿದಾಗ ಅದರ ಪಿಂಗಾಣಿ ಕಾಫಿಪುಡಿಯ ಕಂದು ಬಣ್ಣದಲ್ಲಿರಬೇಕು. ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳುವಾಗಿದೆ ಅಥವಾ ಎಲ್ಲೋ ಗಾಳಿ ಸೋರುತ್ತಿದೆ, ಗಾಡಿಯನ್ನು ಮುಂದೆ ಓಡಿಸಬಾರದು.

ಮೊದಲ 500 ಕಿಲೋಮೀಟರ್ ಗಂಟೆಗೆ 50 ಕಿ.ಮೀ. ದಾಟದಿದ್ದರೆ ಒಳ್ಳೆಯದು. ಒಂದೇ ವೇಗದಲ್ಲಿ ಬಹುದೂರ ಹೋಗುವುದಾಗಲಿ, ಮೇಲಿನ ಗೇರಿನಲ್ಲಿ ಏದುಸಿರು ಬಿಡುತ್ತ ಏರು ಹತ್ತಿಸುವುದಾಗಲಿ ಬೇಡ. ಹೊಸಬರು ಅರಿಯದ ಇನ್ನೊಂದು ಅಪಾಯ ಇಳಿಜಾರಿನಲ್ಲಿದೆ. ಚಾಮುಂಡಿ ಬೆಟ್ಟದಿಂದಲೋ ಆಗುಂಬೆ ಘಾಟಿಯಿಂದಲೋ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲಿಯೇ ಇಳಿಯುವಾಗ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಪೆಟ್ರೋಲ್ ಬಾರದ್ದರಿಂದ ಅದರೊಂದಿಗೆ ಬರಬೇಕಾದ ಆಯಿಲ್ ಕೂಡ ಬರುವುದಿಲ್ಲ. ಫೋರ್ ಸ್ಟ್ರೋಕ್‌ನಲ್ಲಿ ಒಳ್ಳೆಯ ಅಭ್ಯಾಸವೆನಿಸಿದ ಎಂಜಿನ್ ಬ್ರೇಕಿಂಗ್ ಇಲ್ಲಿ ಸೀಜ್‌ಗೆ ದಾರಿ. ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರ್ ತುಸು ತಿರುವಿ ಆಯಿಲ್ ಉಣಿಸುತ್ತಿರಬೇಕು, ವೇಗವನ್ನು ಬ್ರೇಕಿನಿಂದಲೇ ಹಿಡಿಯಬೇಕು. 500 ಕಿಲೋಮೀಟರ್ ಮುಗಿದಾಗ ಗೇರ್ ಆಯಿಲ್ ಬದಲಿಸಿ, ಇಳಿಸಿದ ಆಯಿಲನ್ನು ಅಳತೆಯ ಪಾತ್ರೆಗೆ ಹಿಡಿದು ಹಾಕಿದ್ದಷ್ಟೇ ಬಂದಿದೆಯೇ ಎಂದು ನೋಡಬೇಕು. ಕಡಿಮೆ ಬಂದು ಹೊರಗೆಲ್ಲೂ ಜಿನುಗಿದ ಗುರುತಿಲ್ಲದಿದ್ದರೆ ಎಡಗಡೆಯ ಸೀಲನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ತಿಂಗಳುಗಟ್ಟಲೆ ಓಡಿಸುವುದಿಲ್ಲವೆಂದು ತಿಳಿದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬುರೇಟರ್ ಬರಿದಾಗುವ ತನಕ ಎಂಜಿನ್ ಓಡಿಸಿ ನಿಲ್ಲಿಸಬೇಕು, ಪ್ಲಗ್ ತೆಗೆದು ಒಂದೆರಡು ಚಮಚ 2ಟಿ ಆಯಿಲ್ ಬಿಟ್ಟು ಕೈಯಿಂದ ಮೆಲ್ಲಗೆ ತಿರುಗಿಸಬೇಕು, ಮತ್ತು ಎರಡೂ ಸೈಲೆನ್ಸರ್‌ಗಳ ಬಾಯಿಗೆ ಎಣ್ಣೆಬಟ್ಟೆ ತುರುಕಬೇಕು. ಆ ಬಟ್ಟೆಗಳಿವೆ ಎಂದು ಹ್ಯಾಂಡಲ್‌ಗೆ ಒಂದು ಚೀಟಿ ಕಟ್ಟಿಟ್ಟರೆ ಮುಂದೆ ಸ್ಟಾರ್ಟ್ ಮಾಡುವವರಿಗೆ ಅನುಕೂಲ.